ತ್ರಿಮಕುಟದ ನಾದ: ಪಿಟೀಲು ಚೌಡಯ್ಯನವರ ಧ್ವನಿಮುದ್ರಣಗಳು ಮತ್ತು ಶ್ರವಣವಿವೇಕ

ಸಾಹಿತ್ಯಕೃತಿಯೊಂದರ ಅಧ್ಯಯನಕ್ಕೆ ಹಸ್ತಪ್ರತಿ ಹೇಗೋ, ಗತಿಸಿಹೋದ ಕಲಾವಿದನೊಬ್ಬನ ಸಂಗೀತದ ಅಧ್ಯಯನಕ್ಕೆ ಧ್ವನಿಮುದ್ರಣವು ಹಾಗೆ ಮೂಲ ಆಕರ. ಆದರೆ ಹಸ್ತಪ್ರತಿಗಳ ವಿಷಯದಲ್ಲಿ ಕನ್ನಡ ವಿದ್ವತ್ತು ಬೆಳೆಸಿಕೊಂಡು ಬಂದ ಎಚ್ಚರವನ್ನು ಧ್ವನಿಮುದ್ರಣಗಳ ವಿಷಯದಲ್ಲಿ ಬೆಳೆಸಿಕೊಂಡಿದೆಯೆಂದು ಹೇಳಲಾಗದು. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯ, ಗ್ರಂಥಪಾತ, ಪ್ರಕ್ಷೇಪ ಇವುಗಳನ್ನು ಗುರುತಿಸದೆ ಕವಿಯ ಶೈಲಿಯನ್ನು ಕುರಿತು ತೀರ್ಪು ನೀಡುವುದಕ್ಕೆ ಸಂಪಾದಕರು ಹಿಂಜರಿಯುತ್ತಾರೆ. ಹಳೆಯ ತಟ್ಟೆಯೊಂದನ್ನು ಕೇಳಿದ ಮಾತ್ರಕ್ಕೆ ಗಾಯಕನ ಶಾರೀರ, ವಾದಕನ ನಾದ ಇವುಗಳನ್ನು ಕುರಿತು ನಿರ್ಣಯ ಕೊಡುವುದಕ್ಕೆ ಮಾತ್ರ ಅಂತಹ ಹಿಂಜರಿಕೆ ಕಾಣುವುದಿಲ್ಲ. ಈ ವ್ಯತ್ಯಾಸದ ಪರಿಣಾಮ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ತಿರುಮಕೂಡಲಿನ ಪಿಟೀಲು ಚೌಡಯ್ಯನವರ ಧ್ವನಿಮುದ್ರಣಗಳು ಸ್ಪಷ್ಟವಾದ ನಿದರ್ಶನ. ಆ ಧ್ವನಿಮುದ್ರಣಗಳನ್ನು ಹೇಗೆ ಕೇಳಬೇಕು, ಅವುಗಳಲ್ಲಿ ಕೇಳತಕ್ಕದ್ದು ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸ್ಥಳ ಮತ್ತು ಪರಂಪರೆ

ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಳಸಿ ಹರಿಯುವ ಕಪಿಲೆಯು ಟಿ. ನರಸೀಪುರದ ಬಳಿ ಕಾವೇರಿಯನ್ನು ಕೂಡುತ್ತದೆ. ಈ ಎರಡು ನದಿಗಳೊಡನೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆ ಎಂಬ ನಂಬಿಕೆಯಿಂದ ಆ ಕ್ಷೇತ್ರಕ್ಕೆ ತಿರುಮಕೂಡಲು, ತ್ರಿಮಕುಟ ಎಂಬ ಹೆಸರುಗಳು ಬಂದಿವೆ. ಸಂಗಮದ ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದು ದಡದಲ್ಲಿ ಗುಂಜಾ ನರಸಿಂಹ. ಇದೇ ತಾಲ್ಲೂಕಿನ ಬನ್ನೂರು ವ್ಯಾಸರಾಯರ ಜನ್ಮಸ್ಥಳ. ಸೋಸಲೆಯಲ್ಲಿ ಅವರ ಪರಂಪರೆಯ ಮಠವಿದೆ. ವ್ಯಾಸರಾಯರು ಯಮುನಾಕಲ್ಯಾಣಿಯಲ್ಲಿ ಪ್ರಸಿದ್ಧವಾಗಿರುವ ಕೃಷ್ಣಪರವಾದ ಪದದ ಕರ್ತೃವಾಗಿ, ಪುರಂದರದಾಸರ ಗುರುವಾಗಿ ಕರ್ನಾಟಕ ಸಂಗೀತದ ಚರಿತ್ರೆಯಲ್ಲಿ ಮೊದಲ ಪುಟಗಳಿಗೆ ಸೇರಿದವರು. ಹೀಗೆ ಈ ಪ್ರದೇಶಕ್ಕೆ ಸಂಗೀತದ ನಂಟು ಹೊಸದಲ್ಲ.

ಈ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಚೌಡಯ್ಯನವರು 1910ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿಗೆ ಸೇರಿದರು. ಕೃಷ್ಣಪ್ಪನವರು ಗಾಯಕರು, ದಾಸರ ಪದಗಳಿಗೆ ಕಛೇರಿಯ ವೇದಿಕೆಯಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರು. ಗಾಯಕರಲ್ಲಿ ಪಿಟೀಲನ್ನು ಕಲಿತದ್ದು ಚೌಡಯ್ಯನವರ ವಾದನದ ಸ್ವರೂಪವನ್ನು ನಿರ್ಧರಿಸಿದ ಸಂಗತಿ. ವಾದ್ಯವು ಕಂಠವನ್ನು ಅನುಸರಿಸಬೇಕು, ಸಾಹಿತ್ಯದ ಪದಚ್ಛೇದವು ಕಮಾನಿನ ಎಳೆತದಲ್ಲಿ ಕೇಳಬೇಕು ಎಂಬ ತತ್ತ್ವ ಅವರಿಗೆ ದೊರೆತದ್ದು ಅಲ್ಲಿ. ಮುಂದೆ ಅವರು ಮೈಸೂರು ಆಸ್ಥಾನದ ಮನ್ನಣೆಗೆ ಪಾತ್ರರಾದರು; 1957ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯ ಸಂಗೀತ ಕಲಾನಿಧಿ ಪದವಿ ಅವರಿಗೆ ಸಂದಿತು. ತಮ್ಮ ಸ್ವಂತ ರಚನೆಗಳಿಗೆ ಅವರು ಇರಿಸಿಕೊಂಡ ಅಂಕಿತ ‘ತ್ರಿಮಕುಟ’. ಅವರು ನಿಧನರಾದದ್ದು 1967ರ ಜನವರಿ 19ರಂದು. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆ ಮತ್ತು ಚೌಡಯ್ಯ ಈ ಮೂವರನ್ನು ಆ ತಲೆಮಾರಿನ ಪಿಟೀಲಿನ ತ್ರಿಮೂರ್ತಿಗಳೆಂದು ಗಣಿಸುವುದು ವಾಡಿಕೆ.

2. ಏಳು ತಂತಿಗಳ ಹಿನ್ನೆಲೆ

ಚೌಡಯ್ಯನವರ ಹೆಸರಿನೊಡನೆ ಅಗಲದಂತೆ ಸೇರಿಕೊಂಡಿರುವುದು ಏಳು ತಂತಿಯ ಪಿಟೀಲು. ಸುಮಾರು 1927ರಲ್ಲಿ ಅವರು ಇದನ್ನು ಬಳಕೆಗೆ ತಂದರು. ಇದರ ಅಗತ್ಯವನ್ನು ಅರಿಯಬೇಕಾದರೆ ಅಂದಿನ ಕಛೇರಿಯ ಸನ್ನಿವೇಶವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಸಾಗುವ ಬೀದಿಯಲ್ಲಿ ನಾಗಸ್ವರ ಮತ್ತು ಡೋಲುಗಳು ಯಾವ ನೆರವೂ ಇಲ್ಲದೆ ಜನಸಂದಣಿಯನ್ನು ಮೀರಿ ಕೇಳಬಲ್ಲವು. ಅವು ಬಯಲಿಗೆಂದೇ ಹುಟ್ಟಿದ ವಾದ್ಯಗಳು. ಪಿಟೀಲು ಹಾಗಲ್ಲ. ಐರೋಪ್ಯ ಕೋಣೆಗಳಿಂದ ಬಂದ ಈ ವಾದ್ಯವನ್ನು ಕರ್ನಾಟಕ ಸಂಗೀತಗಾರರು ಕಂಠದ ಶ್ರುತಿಗೆ ಇಳಿಸಿಕೊಂಡರು. ಶ್ರುತಿಯನ್ನು ಇಳಿಸಿದಷ್ಟೂ ತಂತಿಯ ಬಿಗಿ ಕಡಿಮೆಯಾಗುತ್ತದೆ, ಬಿಗಿ ಕಡಿಮೆಯಾದಷ್ಟೂ ನಾದದ ವ್ಯಾಪ್ತಿ ಕುಗ್ಗುತ್ತದೆ. ಇತ್ತ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಸಂಗೀತವು ಅರಮನೆಯ ತೊಟ್ಟಿಯಿಂದ ಚಪ್ಪರಕ್ಕೂ ಸಭೆಗೂ ಬಂದಿತು. ಶ್ರೋತೃಗಳ ಸಂಖ್ಯೆ ಏರಿತು. ಧ್ವನಿವರ್ಧಕ ಇನ್ನೂ ಬಂದಿರಲಿಲ್ಲ. ಚೆಂಬೈ ವೈದ್ಯನಾಥ ಭಾಗವತರಂತಹ ತುಂಬು ಶಾರೀರದ ಗಾಯಕರ ಪಕ್ಕದಲ್ಲಿ ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲುಗಳಿಗೆ ಮುಟ್ಟುವುದು ದುಸ್ತರವಾಯಿತು.

ಚೌಡಯ್ಯನವರು ಕಂಡುಕೊಂಡ ಪರಿಹಾರ ಸರಳವಾದದ್ದು, ಆದರೆ ಸುಲಭವಾದದ್ದಲ್ಲ. ಇರುವ ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆತಂತಿಯನ್ನು ಸ್ಥಾಯಿಯ ಅಂತರದಲ್ಲಿ ಸೇರಿಸಿದರು. ಒಂದು ಕಮಾನಿನ ಎಳೆತಕ್ಕೆ ಎರಡು ತಂತಿಗಳು ಮಿಡಿಯುತ್ತವೆ. ಒಂದು ಬೆರಳು ಎರಡನ್ನೂ ಒಟ್ಟಿಗೆ ಒತ್ತುತ್ತದೆ. ಹೆಣ್ಣುದನಿಯೂ ಗಂಡುದನಿಯೂ ಒಂದೇ ಸ್ವರವನ್ನು ಒಟ್ಟಾಗಿ ಹಾಡಿದಂತಹ ತುಂಬುತನ ಆಗ ಒದಗುತ್ತದೆ. ಈ ಬದಲಾವಣೆಯನ್ನು ಗುರುಗಳು ಮೊದಲು ಒಪ್ಪಲಿಲ್ಲವೆಂದೂ, ಅದರ ನಾದವನ್ನು ಕಛೇರಿಯಲ್ಲಿ ಕೇಳಿದ ಅನಂತರ ಸಮ್ಮತಿಸಿದರೆಂದೂ ಶಿಷ್ಯಪರಂಪರೆಯಲ್ಲಿ ಹೇಳಿಕೆಯಿದೆ.

ಈ ಏರ್ಪಾಟಿನ ನಾದಶಾಸ್ತ್ರೀಯ ಪರಿಣಾಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಒಂದು ತಂತಿಯು ಸೆಕೆಂಡಿಗೆ 300 ಕಂಪನಗಳಲ್ಲಿ ಮಿಡಿಯುತ್ತಿದ್ದರೆ ಅದರ ಕೆಳಸ್ಥಾಯಿಯ ಜೊತೆತಂತಿ 150ರಲ್ಲಿ ಮಿಡಿಯಬೇಕು. ಯಾವ ತಂತಿಯೂ ತನ್ನ ಮೂಲಸ್ವರವೊಂದನ್ನೇ ನುಡಿಯುವುದಿಲ್ಲ; ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಅನುಸ್ವರಗಳೂ ಜೊತೆಗೆ ಹೊಮ್ಮುತ್ತವೆ. 150ರ ಎರಡನೆಯ ಅನುಸ್ವರ 300. ಅದು ಮೇಲಿನ ತಂತಿಯ ಮೂಲಸ್ವರದೊಡನೆ ಐಕ್ಯವಾಗಿ ಅದನ್ನು ಪೋಷಿಸುತ್ತದೆ. ಜೊತೆತಂತಿಯು 150ರ ಬದಲು 148ಕ್ಕೆ ಇಳಿದರೆ ಅದರ ಎರಡನೆಯ ಅನುಸ್ವರ 296 ಆಗುತ್ತದೆ. 300 ಮತ್ತು 296ರ ನಡುವೆ ಸೆಕೆಂಡಿಗೆ ನಾಲ್ಕು ಬಾರಿ ನಾದವು ಉಬ್ಬಿ ತಗ್ಗುವ ಅಲೆಯಾಟ ಕಿವಿಗೆ ತಿಳಿಯುತ್ತದೆ. ಅಂದರೆ ಏಳು ತಂತಿಯ ಪಿಟೀಲಿನಲ್ಲಿ ಶ್ರುತಿಲೋಪವು ಮುಚ್ಚಿಹೋಗುವುದಿಲ್ಲ, ಎದ್ದುಕಾಣುತ್ತದೆ. ಸ್ಥಿರವಾದ ಸ್ವರದಲ್ಲಿಯೇ ಇಷ್ಟು ಕಷ್ಟವಾದರೆ ಜಾರು, ಕಂಪಿತ ಮೊದಲಾದ ಗಮಕಗಳಲ್ಲಿ ಒಂದೇ ಬೆರಳು ಎರಡು ತಂತಿಗಳ ಮೇಲೆ ಸಮಾನವಾದ ಒತ್ತಡದಿಂದ ಚಲಿಸುವುದು ಎಷ್ಟು ಅಭ್ಯಾಸಸಾಧ್ಯವೆಂಬುದನ್ನು ಊಹಿಸಬಹುದು.

3. ಧ್ವನಿಮುದ್ರಣದ ಮೂರು ಸ್ತರಗಳು

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಆ ಮೊದಲ ತಟ್ಟೆಗಳಲ್ಲಿ ಹಾಡಿದ ಗೌಹರ್ ಜಾನ್ ತಮ್ಮ ಬದುಕಿನ ಕೊನೆಯ ದಿನಗಳನ್ನು ಮೈಸೂರು ಆಸ್ಥಾನದ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಮೊದಲ ಯುಗದ ಮುದ್ರಣ ಕೇವಲ ಯಾಂತ್ರಿಕವಾದದ್ದು. ಕಲಾವಿದರು ಕಹಳೆಯೊಂದರ ಬಾಯಿಗೆ ಹಾಡಬೇಕಾಗಿತ್ತು. ಸರಿಸುಮಾರು 200ರಿಂದ 2500 ಕಂಪನಗಳ ನಡುವಿನ ನಾದ ಮಾತ್ರ ತಟ್ಟೆಗೆ ಇಳಿಯುತ್ತಿತ್ತು. 1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲೆ ಈ ವ್ಯಾಪ್ತಿ ಹಿಗ್ಗಿತು. ಚೌಡಯ್ಯನವರ ವೃತ್ತಿಜೀವನದ ಪ್ರೌಢಭಾಗ ಈ ಎರಡನೆಯ ಯುಗಕ್ಕೆ ಸೇರುತ್ತದೆ. ಅವರ ವಾದನ ಇಂದಿಗೆ ತಲುಪಿರುವ ಬಗೆಯನ್ನು ಮೂರು ಸ್ತರಗಳಾಗಿ ವಿಂಗಡಿಸಬಹುದು.

ಮೊದಲನೆಯದು ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆ. ಹತ್ತು ಅಂಗುಲದ ತಟ್ಟೆಯ ಒಂದು ಮುಖಕ್ಕೆ ಮೂರು ನಿಮಿಷಗಳ ಆಸುಪಾಸಿನ ಅವಧಿ. ನಲವತ್ತು ನಿಮಿಷ ವಿಸ್ತರಿಸಬಲ್ಲ ರಾಗವನ್ನು ಇಷ್ಟರಲ್ಲಿ ಹೇಳಿ ಮುಗಿಸಬೇಕು. ಇದನ್ನು ಕೇವಲ ಸಂಕುಚನವೆಂದು ಭಾವಿಸುವುದು ಸರಿಯಲ್ಲ. ಮುಕ್ತಕವು ಮಹಾಕಾವ್ಯದ ತುಣುಕಲ್ಲದೆ ತನ್ನದೇ ನಿಯಮಗಳುಳ್ಳ ಪ್ರಕಾರವಾಗಿರುವಂತೆ ಮೂರು ನಿಮಿಷದ ಮುದ್ರಿಕೆಯೂ ಒಂದು ಪ್ರಕಾರ. ರಾಗದ ಜೀವಸ್ವರ ಮೊದಲ ಎಳೆತದಲ್ಲಿಯೇ ಸ್ಥಾಪಿತವಾಗಬೇಕು. ಸಂಚಾರಗಳಲ್ಲಿ ಪುನರುಕ್ತಿ ಸಲ್ಲದು. ಮುಕ್ತಾಯವು ಕಡಿದಂತಿರದೆ ಒದಗಿಬಂದಂತಿರಬೇಕು.

ಎರಡನೆಯದು ಆಕಾಶವಾಣಿಯ ಮತ್ತು ಸಭೆಗಳ ಕಛೇರಿಗಳ ಸುರುಳಿಮುದ್ರಣ. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ‘ಆಕಾಶವಾಣಿ’ಯು ಪ್ರಸಾರವನ್ನು ಈ ಸೀಮೆಗೆ ತಂದಿತಾದರೂ, ದೀರ್ಘ ಕಛೇರಿಗಳನ್ನು ಹಿಡಿದಿಡುವುದು ಸುಗಮವಾದದ್ದು ಎರಡನೆಯ ಮಹಾಯುದ್ಧದ ಅನಂತರ ಕಾಂತಸುರುಳಿ ಬಳಕೆಗೆ ಬಂದ ಮೇಲೆ. ಗಾಯಕನೊಡನೆ ಚೌಡಯ್ಯನವರು ನಡೆಸಿದ ಪೂರ್ಣ ಸಂವಾದ ಕೇಳಸಿಗುವುದು ಈ ಸ್ತರದಲ್ಲಿ.

ಮೂರನೆಯದು ಚಲನಚಿತ್ರ. 1943ರಲ್ಲಿ ಚೌಡಯ್ಯನವರೇ ನಿರ್ಮಾಪಕರಾಗಿ, ಕೆ. ಹಿರಣ್ಣಯ್ಯನವರ ನಿರ್ದೇಶನದಲ್ಲಿ ‘ವಾಣಿ’ ಎಂಬ ಕನ್ನಡ ಚಿತ್ರ ಹೊರಬಂದಿತು. ಚೆಂಬೈ ವೈದ್ಯನಾಥ ಭಾಗವತರು, ಚೌಡಯ್ಯನವರು ಮತ್ತು ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಇವರ ಕಛೇರಿಯ ದೃಶ್ಯವನ್ನು ಅದರಲ್ಲಿ ಅಳವಡಿಸಲಾಗಿತ್ತು. ಕಮಾನಿನ ಹಿಡಿತ, ತೋಳಿನ ಚಲನೆ, ಗಾಯಕನ ಮುಖದ ಮೇಲಿನ ಪಕ್ಕವಾದ್ಯಗಾರನ ದೃಷ್ಟಿ ಮೊದಲಾದವು ಧ್ವನಿಮಾತ್ರದಿಂದ ತಿಳಿಯದ ಸಂಗತಿಗಳು. ಅವುಗಳನ್ನು ಕಲಾವಿದನೇ ಮುಂದಾಗಿ ಬಿಂಬದಲ್ಲಿ ದಾಖಲಿಸಿದ್ದು ಗಮನಾರ್ಹ.

4. ಆಕರದ ದೋಷ ಮತ್ತು ಕಲಾವಿದನ ದೋಷ

ಹಳೆಯ ಮುದ್ರಣವನ್ನು ಕೇಳುವವನ ಮೊದಲ ಕರ್ತವ್ಯ ಈ ಎರಡನ್ನು ಬೇರ್ಪಡಿಸುವುದು. ತಟ್ಟೆಯ ಮೇಲೆ 78 ಸುತ್ತು ಎಂಬುದು ನಾಮಮಾತ್ರದ ಸಂಖ್ಯೆ; ಅನೇಕ ತಟ್ಟೆಗಳು, ಅದರಲ್ಲೂ ಆರಂಭ ಕಾಲದವು, ಹೆಚ್ಚುಕಡಿಮೆ ವೇಗಗಳಲ್ಲಿ ಮುದ್ರಿತವಾಗಿವೆ. ವೇಗವು ಶೇಕಡಾ 6ರಷ್ಟು ಹೆಚ್ಚಿದರೆ ಶ್ರುತಿಯು ಅರ್ಧ ಸ್ವರದಷ್ಟು ಏರುತ್ತದೆ. ನಿಮಿಷಕ್ಕೆ 73 ಅಥವಾ 74 ಸುತ್ತುಗಳಲ್ಲಿ ಮುದ್ರಿತವಾದುದನ್ನು 78ರಲ್ಲಿ ನುಡಿಸಿದರೆ ಸಾಕು, ಈ ವ್ಯತ್ಯಾಸ ಹೆಚ್ಚುಕಡಿಮೆ ಘಟಿಸುತ್ತದೆ. ಏರುವುದು ಶ್ರುತಿಯೊಂದೇ ಅಲ್ಲ. ಕಂಪಿತ ಗಮಕವು ನಡುಕದಂತೆ ಕೇಳುತ್ತದೆ, ವಿಳಂಬವು ಮಧ್ಯಮಕಾಲವಾಗುತ್ತದೆ, ತುಂಬುದನಿ ತೆಳುವಾಗುತ್ತದೆ. ಅಂತಹ ಪ್ರತಿಯನ್ನು ಕೇಳಿ ವಾದಕನಿಗೆ ವಿಶ್ರಾಂತಿಯ ಗುಣವಿಲ್ಲವೆಂದು ತೀರ್ಮಾನಿಸಿದರೆ ಅದು ಯಂತ್ರದ ತಪ್ಪನ್ನು ಮನುಷ್ಯನ ಮೇಲೆ ಹೊರಿಸಿದಂತೆ. ಒಂದೇ ಗಾಯಕನ ಹಲವು ಮುದ್ರಣಗಳ ಆಧಾರಶ್ರುತಿಯನ್ನು ಹೋಲಿಸಿ ನೋಡುವುದು ಇದನ್ನು ಪತ್ತೆಹಚ್ಚುವ ಸುಲಭ ಉಪಾಯ.

ಎರಡನೆಯ ಅಪಾಯ ಇತ್ತೀಚಿನದು. ಗಣಕದ ನೆರವಿನಿಂದ ಹಳೆಯ ಮುದ್ರಣಗಳ ಕರಕರ ಶಬ್ದವನ್ನು ತೆಗೆದು ಹಂಚುವುದು ಈಗ ಸಾಮಾನ್ಯ. ಕಮಾನು ತಂತಿಗೆ ತಾಗುವ ಮೊದಲ ಕ್ಷಣದ ಒರಟು ಸದ್ದು, ಎರಡು ತಂತಿಗಳು ಕೂಡಿ ಮಿಡಿಯುವಾಗಿನ ಸೂಕ್ಷ್ಮ ಒರಸು ಇವೂ ಯಂತ್ರದ ದೃಷ್ಟಿಯಲ್ಲಿ ಗದ್ದಲವೇ. ಅತಿಯಾಗಿ ಶುದ್ಧೀಕರಿಸಿದ ಪ್ರತಿಯಲ್ಲಿ ಏಳು ತಂತಿಯ ವಾದ್ಯವು ನಾಲ್ಕು ತಂತಿಯದರಂತೆ ಕೇಳಿಸುವುದು ಅಸಂಭವವಲ್ಲ. ಗ್ರಂಥಸಂಪಾದನೆಯಲ್ಲಿ ಕ್ಲಿಷ್ಟಪಾಠವನ್ನು ತಿದ್ದಿ ಸರಳಗೊಳಿಸಿದರೆ ಆಗುವ ನಷ್ಟಕ್ಕೆ ಇದು ಸಮಾನ. ಶುದ್ಧೀಕರಿಸಿದ ಪ್ರತಿಯೊಡನೆ ಮೂಲಪ್ರತಿಯನ್ನೂ ಉಳಿಸಬೇಕೆಂಬ ನಿಯಮ ಇಲ್ಲಿಯೂ ಅನ್ವಯಿಸಬೇಕು.

ಇವೆರಡಕ್ಕಿಂತ ಮಿಗಿಲಾದುದು ಮೂರನೆಯ ಸಂಗತಿ. ಚೌಡಯ್ಯನವರ ಸಂಶೋಧನೆಯ ಗುರಿ ನಾದವು ದೂರಕ್ಕೆ ಮುಟ್ಟುವಂತೆ ಮಾಡುವುದು. ಧ್ವನಿಗ್ರಾಹಕವು ದೂರವನ್ನೇ ಇಲ್ಲವಾಗಿಸುವ ಸಾಧನ. ವಾದ್ಯದಿಂದ ಒಂದು ಮೊಳ ದೂರದಲ್ಲಿ ನಿಂತ ಧ್ವನಿಗ್ರಾಹಕಕ್ಕೆ ನಾಲ್ಕು ತಂತಿಯೂ ಒಂದೇ, ಏಳು ತಂತಿಯೂ ಒಂದೇ. ಎರಡನ್ನೂ ಬೇಕಾದಷ್ಟು ಹಿಗ್ಗಿಸಿ ಕೇಳಿಸಬಹುದು. ಆದ್ದರಿಂದ ಮುದ್ರಣದಲ್ಲಿ ಉಳಿದುಬರದಿರುವುದು ಅವರ ಶೋಧದ ಮುಖ್ಯ ಪ್ರಯೋಜನವೇ. ಹಿಂದಿನ ಸಾಲಿನ ಕೇಳುಗನಿಗೆ ವರವಾಗಿದ್ದ ಗುಣವು ಮುದ್ರಣದ ಕೇಳುಗನಿಗೆ ಕೆಲವೊಮ್ಮೆ ಒರಟುತನವಾಗಿ ಕೇಳಬಹುದು. ಧ್ವನಿವರ್ಧಕದ ಯುಗದಲ್ಲಿ ಏಳು ತಂತಿಯ ವಾದ್ಯ ವ್ಯಾಪಕವಾಗಿ ಮುಂದುವರಿಯದಿದ್ದುದಕ್ಕೆ ಕಾರಣವನ್ನೂ ಇಲ್ಲಿಯೇ ಕಾಣಬಹುದು. ಅಗತ್ಯ ಮರೆಯಾದಾಗ ಉಪಾಯವೂ ಮರೆಯಾಗುತ್ತದೆ. ಉಪಾಯಕ್ಕೆ ವೆಚ್ಚವಾದ ಸಾಧನೆಯ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ.

5. ಕೇಳತಕ್ಕದ್ದು ಯಾವುದು

ಹಾಗಾದರೆ ಈ ಮುದ್ರಣಗಳನ್ನು ಇಂದು ಕೇಳುವುದರಿಂದ ಲಾಭವೇನು? ಮುದ್ರಣದ ಮಿತಿಗಳಿಂದ ಕೆಡದೆ ಉಳಿಯುವ ಗುಣಗಳು ಕೆಲವಿವೆ. ಅವುಗಳನ್ನು ಆಧರಿಸಿದ ತೀರ್ಮಾನ ಭದ್ರವಾದದ್ದು.

ಮೊದಲನೆಯದು ಸ್ಥಾಯಿಯ ಹೊಂದಾಣಿಕೆ. ತಟ್ಟೆಯ ವೇಗ ಹೆಚ್ಚಿರಲಿ ಕಡಿಮೆಯಿರಲಿ, ಜೊತೆತಂತಿಗಳ ನಡುವಣ ಅನುಪಾತ ಬದಲಾಗುವುದಿಲ್ಲ. ದೀರ್ಘ ಸ್ವರದ ಮೇಲೆ ನಿಂತಾಗ ಅಲೆಯಾಟ ಕೇಳದಿದ್ದರೆ, ಮೇಲಿನಿಂದ ಕೆಳಕ್ಕೆ ಜಾರುವಾಗ ಎರಡು ದನಿಗಳು ಬೇರ್ಪಡದಿದ್ದರೆ, ಅದು ವಾದಕನ ಸಿದ್ಧಿಗೆ ನೇರವಾದ ಸಾಕ್ಷಿ. ಹೊಂದಾಣಿಕೆ ತಪ್ಪಿದ ಎಡೆಗಳೂ ಹಾಗೆಯೇ ಸಾಕ್ಷಿ. ಅವುಗಳನ್ನು ಮುಚ್ಚಿಡುವ ಅಗತ್ಯವಿಲ್ಲ.

ಎರಡನೆಯದು ಅನುಸರಣೆ. ಗಾಯಕನು ಆಲಾಪನೆ ಮಾಡುವಾಗ ಪಿಟೀಲು ನೆರಳಿನಂತೆ ಹಿಂಬಾಲಿಸುತ್ತದೆ. ಹಿಂಬಾಲಿಸುವುದೆಂದರೆ ನುಡಿದುದನ್ನು ಒಪ್ಪಿಸುವುದಲ್ಲ. ಸಂಚಾರವು ಯಾವ ಸ್ವರದಲ್ಲಿ ನಿಲ್ಲಲಿದೆಯೆಂಬುದನ್ನು ರಾಗಜ್ಞಾನದಿಂದ ಮೊದಲೇ ಅರಿತು, ಗಾಯಕನು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ನಾದದ ಎಳೆ ಕಡಿಯದಂತೆ ನೋಡಿಕೊಳ್ಳಬೇಕು. ಈ ಗುಣವನ್ನು ಪರೀಕ್ಷಿಸಲು ಭಿನ್ನ ಸ್ವಭಾವದ ಇಬ್ಬರು ಗಾಯಕರಿಗೆ ಒಬ್ಬನೇ ವಾದಕ ಪಕ್ಕವಾದ್ಯ ನುಡಿಸಿದ ಮುದ್ರಣಗಳನ್ನು ಒಟ್ಟಿಗಿಟ್ಟು ಕೇಳುವುದು ಉತ್ತಮ ವಿಧಾನ. ಚೆಂಬೈಯವರದು ನೇರವಾದ, ಗಂಭೀರವಾದ, ಬಿಡಿಬಿಡಿಯಾದ ಸ್ವರಸ್ಥಾಪನೆಯ ಗಾಯನ. ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರದು ಮೂರು ಸ್ಥಾಯಿಗಳಲ್ಲಿ ಮಿಂಚಿನಂತೆ ಹರಿಯುವ ಬಿರ್ಕಾಗಳ ಗಾಯನ. ಚೌಡಯ್ಯನವರು ಇಬ್ಬರಿಗೂ ಪಕ್ಕದಲ್ಲಿ ಕುಳಿತವರು. ಮೊದಲನೆಯವರೊಡನೆ ಕಮಾನಿನ ಎಳೆತ ದೀರ್ಘವೂ ಸಮಬಲವೂ ಆಗಿರಬೇಕಾಗುತ್ತದೆ. ಎರಡನೆಯವರೊಡನೆ ಜೊತೆತಂತಿಯ ಭಾರವನ್ನು ಹೊತ್ತೇ ಬೆರಳು ಓಡಬೇಕಾಗುತ್ತದೆ. ವಾದ್ಯವೊಂದೇ, ನಾದದ ನಡೆ ಎರಡು. ಈ ವ್ಯತ್ಯಾಸವು ಎಷ್ಟು ಸವೆದ ಮುದ್ರಣದಲ್ಲಿಯೂ ಅಳಿಸಿಹೋಗುವಂಥದ್ದಲ್ಲ.

ಮೂರನೆಯದು ಪ್ರತ್ಯುತ್ತರ. ನೆರವಲ್ ಮತ್ತು ಕಲ್ಪನಾಸ್ವರಗಳಲ್ಲಿ ಗಾಯಕನು ಮುಗಿಸಿದ ಸ್ವರದಿಂದಲೇ ವಾದಕನು ಎತ್ತಿಕೊಂಡು ತನ್ನ ಸರದಿಯನ್ನು ನಡೆಸುತ್ತಾನೆ. ಒಳ್ಳೆಯ ಪಕ್ಕವಾದ್ಯಗಾರನು ಗಾಯಕನ ಕಲ್ಪನೆಯನ್ನು ಒಂದು ಹೆಜ್ಜೆ ಮುಂದೆ ಒಯ್ದು ಅವನಿಗೇ ಹಿಂದಿರುಗಿಸುತ್ತಾನೆ. ಗಾಯಕನು ಆ ಎಳೆಯನ್ನು ಹಿಡಿದು ಮತ್ತೆ ಬೆಳೆಸುತ್ತಾನೆ. ಈ ಕೊಡುಕೊಳ್ಳುವಿಕೆ ಪೂರ್ವನಿರ್ಧಾರಿತವಲ್ಲ. ಎಡವಬಹುದಾದ ಅಪಾಯವಿರುವೆಡೆಯಲ್ಲಿಯೇ ಮನೋಧರ್ಮಕ್ಕೆ ಬೆಲೆ. ಆದಕಾರಣ ನಿರ್ದುಷ್ಟವಾದ ಕಲಾಕೊಠಡಿಯ ಮುದ್ರಣಕ್ಕಿಂತ, ಕೆಮ್ಮು, ಕುರ್ಚಿಯ ಸದ್ದು, ತಾಳದ ಚಪ್ಪಾಳೆ ತುಂಬಿದ ಸಭೆಯ ಮುದ್ರಣ ಅಧ್ಯಯನಕ್ಕೆ ಹಲವು ವೇಳೆ ಹೆಚ್ಚು ಬೆಲೆಯುಳ್ಳದ್ದಾಗುತ್ತದೆ. ‘ಭಲೆ’ ಎಂಬ ಉದ್ಗಾರ ಯಾವ ಸಂಚಾರದ ಬೆನ್ನಿಗೆ ಬಂದಿತು ಎಂಬುದು ಅಂದಿನ ರಸಿಕರ ಅಭಿರುಚಿಗೆ ದಾಖಲೆ.

ನಾಲ್ಕನೆಯದು ಸಾಹಿತ್ಯದ ಸ್ಪಷ್ಟತೆ. ವಾದ್ಯಕ್ಕೆ ಅಕ್ಷರವಿಲ್ಲ. ಆದರೂ ಕೃತಿಯನ್ನು ಬಲ್ಲವನಿಗೆ ಕಮಾನು ತಿರುಗುವ ಎಡೆಗಳಿಂದ ಪದಗಳ ಆದಿ ಅಂತ್ಯಗಳು ತಿಳಿಯಬೇಕು. ಗಾಯಕರ ಶಿಷ್ಯರಾದ ಚೌಡಯ್ಯನವರ ವಾದನವನ್ನು ಈ ದೃಷ್ಟಿಯಿಂದ ಕೇಳುವುದು ಸಂಗೀತಾಭ್ಯಾಸಿಗಳಿಗೆ ಮಾತ್ರವಲ್ಲ, ದಾಸಸಾಹಿತ್ಯದ ಛಂದಸ್ಸು ಮತ್ತು ಗೇಯತೆಗಳನ್ನು ಅಭ್ಯಾಸ ಮಾಡುವವರಿಗೂ ಉಪಯುಕ್ತ.

6. ಉಳಿಸುವ ಹೊಣೆ

ಧ್ವನಿಮುದ್ರಣದ ಬೆಲೆಯನ್ನು ಮೈಸೂರು ಅರಿಯದ ಸೀಮೆಯೇನಲ್ಲ. ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ವೃದ್ಧಾಪ್ಯ ಮತ್ತು ಅನಾರೋಗ್ಯಗಳಲ್ಲಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವುದಕ್ಕೆ ಧನಸಹಾಯ ನೀಡಿದರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಆ ಮುದ್ರಣಗಳು ಉಳಿದವು. ದೂರದೇಶದ ಕಲಾವಿದನೊಬ್ಬನಿಗೆ ಮೈಸೂರಿನಿಂದ ದೊರೆತ ಈ ಉಪಕಾರ, ನದೀಸಂಗಮದ ಊರಿನಿಂದ ಬಂದ ಕಲಾವಿದನ ಮುದ್ರಣಗಳ ವಿಷಯದಲ್ಲಿಯೂ ಮಾದರಿಯಾಗತಕ್ಕದ್ದು. ಚೌಡಯ್ಯನವರ ಸ್ಮರಣೆಗಾಗಿ ಬೆಂಗಳೂರಿನಲ್ಲಿ 1980ರಲ್ಲಿ ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ ಏಳು ತಂತಿಯ ಪಿಟೀಲಿನ ಆಕಾರದಲ್ಲಿ ನಿರ್ಮಾಣವಾದ ಸಭಾಂಗಣ ಅವರ ವಾದ್ಯದ ರೂಪವನ್ನು ಎಲ್ಲರ ಕಣ್ಣಿಗೆ ಕಾಣಿಸಿದೆ. ನಾದವನ್ನು ಕಿವಿಗೆ ಕೇಳಿಸುವ ಕಾರ್ಯ ಬೇರೆ ಬಗೆಯ ಶ್ರಮವನ್ನು ಬೇಡುತ್ತದೆ.

ಅರಗಿನ ತಟ್ಟೆ ಒಡೆಯುತ್ತದೆ, ಕಾಂತಸುರುಳಿಯ ಲೇಪ ಉದುರುತ್ತದೆ. ಅಂಕೀಯ ಪ್ರತಿಗಳು ಕೈಯಿಂದ ಕೈಗೆ ಸಾಗುವಾಗ ದಿನಾಂಕ, ಸ್ಥಳ, ಪಕ್ಕವಾದ್ಯಗಾರರ ಹೆಸರುಗಳು ಕಳಚಿಬೀಳುತ್ತವೆ. ಈ ಕೊನೆಯ ನಷ್ಟ ಪಕ್ಕವಾದ್ಯಗಾರನಿಗೆ ವಿಶೇಷವಾಗಿ ತಟ್ಟುವಂಥದ್ದು. ಮುದ್ರಿಕೆಯ ಹೆಸರಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಗಾಯಕನ ಹೆಸರು. ಪಿಟೀಲು ಯಾರದು, ಮೃದಂಗ ಯಾರದು ಎಂಬ ಟಿಪ್ಪಣಿ ಒಮ್ಮೆ ತಪ್ಪಿಹೋದರೆ ಅರ್ಧ ಕಛೇರಿ ಅನಾಮಧೇಯವಾಗುತ್ತದೆ. ಸಂಗ್ರಾಹಕರ ಬಳಿ ಇರುವ ಪ್ರತಿಗಳಿಗೆ ಆಕರ, ವೇಗ, ಶ್ರುತಿ, ಕಲಾವಿದರು, ಸಭೆ, ವರ್ಷ ಇವಿಷ್ಟನ್ನು ಒಳಗೊಂಡ ವಿವರಣಾತ್ಮಕ ಸೂಚಿಯೊಂದನ್ನು ಸಿದ್ಧಪಡಿಸುವುದು ಹಸ್ತಪ್ರತಿಸೂಚಿಗಳನ್ನು ರಚಿಸಿದ ಅನುಭವವುಳ್ಳ ಕನ್ನಡ ಅಧ್ಯಯನ ವಿಭಾಗಗಳಿಗೆ ಅಸಾಧ್ಯವಾದ ಕೆಲಸವಲ್ಲ.

ಒಟ್ಟಿನಲ್ಲಿ, ಹಳೆಯ ಧ್ವನಿಮುದ್ರಣವು ಗತಕಾಲದ ಕಛೇರಿಯಲ್ಲ; ಅದರ ಒಂದು ಪಾಠ. ಪಾಠದ ಮಿತಿಯನ್ನು ಅರಿತವನಿಗೆ ಅದು ಹೆಚ್ಚನ್ನೇ ಹೇಳುತ್ತದೆ. ದೂರದ ಕೇಳುಗನಿಗಾಗಿ ಮೂರು ತಂತಿಗಳನ್ನು ಹೆಚ್ಚಿಸಿಕೊಂಡು, ಅದಕ್ಕಾಗಿ ಮೂರು ಪಟ್ಟು ಕಷ್ಟವನ್ನು ಬೆರಳುಗಳಿಗೆ ವಿಧಿಸಿಕೊಂಡ ವಾದಕನ ಮುದ್ರಣವನ್ನು ಕೇಳುವಾಗ, ಆ ದೂರದ ಕೊನೆಯ ಸಾಲಿನಲ್ಲಿ ಕುಳಿತವರು ಇಂದಿನ ಶ್ರೋತೃಗಳೇ ಎಂಬುದು ನೆನಪಿನಲ್ಲಿರಬೇಕು.